ಪುಟ್ಟ ಡೊಳ್ಳುಗಳ ಹಗ್ಗ

ಗುಡ್ಡಪ್ಪ ಮಾವನವರಿಗೆ, ಧರ್ಮಪುರದಿಂದ ನಿಮ್ಮ ಸೊಸೆ ಜಯಶೀಲಾ ಮಾಡುವ ನಮಸ್ಕಾರ.

ರಾಗಿಹಿಟ್ಟು, ನಿಮ್ಮ ಬಿ.ಪಿ. ಮಾತ್ರೆ ತೆಗೆದುಕೊಂಡು ನಿಮ್ಮ ತಮ್ಮನ ಮಗ ಪರಮೇಶ್ ತುರುವನೂರಿನ ಕಡೆ ನಿಮ್ಮ ಕುರಿ ರೊಪ್ಪಕ್ಕೆ ಹೊರಟಿದ್ದಾನೆ. ಅವನ ಕೈಯಲ್ಲೇ ಈ ಕಾಗದವನ್ನೂ ಕೊಡುತ್ತಿದ್ದೇನೆ. ಫೋನ್ ಮಾಡಿದರೆ "ಸಿಗ್ನಲ್ ಇಲ್ಲ ಕಣವ್ವ" ಎಂದು ಇಟ್ಟುಬಿಡುತ್ತೀರಿ. ಸಿಗ್ನಲ್ ಇಲ್ಲದಿದ್ದರೆ ಆ ಮಾತು ನನಗೆ ಹೇಗೆ ಕೇಳಿಸುತ್ತದೆ ಮಾವ? ಕಣ್ಣು ಮಂಜಾದರೆ ಪರಮೇಶನೇ ಓದಿ ಹೇಳಲಿ. ಮುಚ್ಚಿಡುವಂಥದ್ದು ಇದರಲ್ಲಿ ಏನೂ ಇಲ್ಲ.

ಅಂಗನವಾಡಿ ಮಕ್ಕಳ ಡೊಳ್ಳು ಕ್ಲಾಸಿನ ವಿಷಯ. ಅದು ಇನ್ನು ನಡೆಯುವುದಿಲ್ಲ.

ನಾನು ಮಕ್ಕಳಿಗೆ ಅಕ್ಷರ ಕಲಿಸುವ ಜಾಗದಲ್ಲೇ, ಮಧ್ಯಾಹ್ನದ ಊಟವಾದ ಮೇಲೆ ಡೊಳ್ಳು ಕಲಿಸುತ್ತೇನೆಂದು ನಿಮ್ಮ ಮಗ ಹಟ ಹಿಡಿದರು. ಉಂಡ ಮಕ್ಕಳು ನಿದ್ದೆ ಮಾಡುತ್ತವೆ ಎಂದೆ. "ಡೊಳ್ಳು ಬಡಿದ್ರೆ ಏಳ್ತಾವೆ ಬಿಡು" ಎಂದರು. ದೊಡ್ಡ ಡೊಳ್ಳು ಕೊರಳಿಗೆ ಹಾಕಿದರೆ ಮಗುವೇ ಕಾಣಿಸುವುದಿಲ್ಲ ಎಂದು ಹೊಸದುರ್ಗದ ಬಡಗಿಯ ಹತ್ತಿರ ಪುಟ್ಟ ಡೊಳ್ಳುಗಳಿಗೆ ಮರದ ಗೂಡುಗಳನ್ನು ಕೊರೆಸಿ ತಂದರು. ತೊಗಲಿನ ಕೂದಲು ಕೆರೆದು ಹದ ಮಾಡಿ ಕೊಟ್ಟವರು ನೀವೇ. ಬೈಯುತ್ತಲೇ ಮಾಡಿದಿರಿ, "ಉಚ್ಚೆ ಹುಯ್ಕಳೋ ಮಕ್ಕಳಿಗೆ ಡೊಳ್ಳು ಕಟ್ತಾನಂತೆ ಇವ್ನು" ಎಂದು. ಆದರೆ ಮೊದಲ ಡೊಳ್ಳು ಬಿಗಿದಾಗ ಅದನ್ನು ಬೆರಳಲ್ಲಿ ತಟ್ಟಿ, ಕಿವಿಯ ಹತ್ತಿರ ಹಿಡಿದು ನಕ್ಕಿರಿ. ನಾನು ಒಲೆ ಮುಂದಿನಿಂದ ನೋಡಿದ್ದೇನೆ.

ಅವರ ಪಾಠದ ಕ್ರಮವೇ ಬೇರೆಯಾಗಿತ್ತು. ಮೊದಲಿಗೆ ಯಾರೂ ಡೊಳ್ಳು ಮುಟ್ಟುವಂತಿಲ್ಲ. ಮಕ್ಕಳು ಸುತ್ತ ಕುಳಿತು ತೊಡೆ ತಟ್ಟಬೇಕು. ಒಂದು ಮಗು ತಟ್ಟುವಾಗ ಉಳಿದವು ಕೈಯನ್ನು ಮಡಿಲಲ್ಲಿ ಇಟ್ಟುಕೊಂಡು ಕಾಯಬೇಕು. "ಹೊಡಿಯೋದು ಯಾರಿಗಾದ್ರೂ ಬರ್ತೈತೆ ಜಯಾ. ಗುಂಪಿನಾಗೆ ಕಾಯೋದೇ ಕಷ್ಟ. ಯಾವ ಮಗೀಗೆ ಕಾಯೋಕೆ ಬರ್ತೈತೋ ಅದಕ್ಕೆ ಮೊದಲ ಡೊಳ್ಳು" ಎನ್ನುತ್ತಿದ್ದರು. ತೊಡೆ ತಟ್ಟುವ ಪಾಠ ಶುರುವಾಗಿತ್ತು, ಅಷ್ಟೇ. ಹಿರಿಯೂರಿನಿಂದ ಬರುವಾಗ ಅವರ ಬೈಕಿಗೆ ಲಾರಿ ಬಡಿಯಿತು.

ಡೊಳ್ಳಿನವನು ಸತ್ತರೆ ಅವನ ಡೊಳ್ಳಿನ ಹಗ್ಗ ಸಡಿಲಿಸುವುದು ನಮ್ಮ ಮೇಳದ ಪದ್ಧತಿ. ವರ್ಷದ ಎಡೆ ಮುಗಿದ ಮೇಲೆ ಸಡಿಲಿಸಿದ ಕೈಯೇ ಅದನ್ನು ಮತ್ತೆ ಬಿಗಿಯಬೇಕು. ನೀವು ಅವರ ದೊಡ್ಡ ಡೊಳ್ಳನ್ನು ಸಡಿಲಿಸಿದಿರಿ, ಸರಿ. ಆಮೇಲೆ ಮೂಲೆಯಲ್ಲಿದ್ದ ಪುಟ್ಟ ಡೊಳ್ಳುಗಳನ್ನೂ ಒಂದೊಂದಾಗಿ ಹತ್ತಿರಕ್ಕೆ ಎಳೆದುಕೊಂಡಿರಿ. "ಅವನು ಕಟ್ಟಿದ್ದೆಲ್ಲ ಅವಂದೇ" ಎಂದಿರಿ. ಅವು ಮಕ್ಕಳವು ಮಾವ. ಅಲ್ಲಿದ್ದವರಿಗೆಲ್ಲ ಅದು ಗೊತ್ತಿತ್ತು. ಆದರೆ ಮಗನನ್ನು ಮಣ್ಣು ಮಾಡಿ ಬಂದ ಕೈಯನ್ನು ಯಾರು ಹಿಡಿಯುತ್ತಾರೆ?

ವರ್ಷದ ಎಡೆಗೆ ಮುಂಚೆಯೇ ನೀವು ಕುರಿ ಹೊಡೆದುಕೊಂಡು ಹೊರಟುಬಿಟ್ಟಿರಿ. "ಇಲ್ಲಿ ಮೇವಿಲ್ಲ" ಎಂದಿರಿ. ಆ ಸಲ ಇಲ್ಲಿ ಬೇಕಾದಷ್ಟು ಮೇವಿತ್ತು.

ಬೇಸಿಗೆಯಲ್ಲಿ ಪುಟ್ಟ ಡೊಳ್ಳುಗಳ ತೊಗಲು ಹಪ್ಪಳದ ಹಾಗೆ ಸುರುಟಿಕೊಂಡಿತು. ಅವನ್ನು ಚೀಲದಲ್ಲಿ ತುಂಬಿಕೊಂಡು, ಬಸ್ಸು ಬದಲಿಸಿ, ಹೊರಕೆರೆದೇವಪುರದಲ್ಲಿ ಡೊಳ್ಳು ಕಟ್ಟುವ ಪಾಪಣ್ಣನ ಹತ್ತಿರ ಹೋದೆ. ಕುಡಿಯಲು ನೀರು ಕೊಟ್ಟ, ಚೀಲಕ್ಕೆ ಮಾತ್ರ ಕೈ ಹಾಕಲಿಲ್ಲ. "ಸಡಿಲಿಸಿದ ಕೈ ಇನ್ನೂ ಬದುಕೈತಲ್ಲಮ್ಮ, ನಾನು ಹೆಂಗೆ ಎಳೀಲಿ?" ಎಂದ. ಹೊಸ ಡೊಳ್ಳನ್ನೇ ಕಟ್ಟಿಸೋಣವೆಂದು ತಾಯಂದಿರನ್ನು ಕೂರಿಸಿಕೊಂಡು ಕೇಳಿದೆ. ಎಲ್ಲರ ಪರವಾಗಿ ರಂಜಿತಾ ಎಂಬಾಕೆ ಹೇಳಿದಳು: "ಗುಡ್ಡಪ್ಪಜ್ಜ ಬಂದು ಬಿಗಿದು ಕೊಡ್ಲಿ, ಕಳಿಸ್ತೀವಿ. ಅಜ್ಜನೇ ಮುಟ್ಟದ ಮೇಲೆ ಸತ್ತೋರ ಪಾಠ ನಮ್ಮ ಮಕ್ಕಳಿಗೆ ಯಾಕ್ರಿ ಟೀಚರ್?" ಅವಳ ಮೇಲೆ ನನಗೆ ಸಿಟ್ಟಿಲ್ಲ. ಸಿಟ್ಟೆಲ್ಲ ನಿಮ್ಮ ಮೇಲೇ ಇದೆ.

ಆಮೇಲೆ ಒಂದೊಂದೇ ಮಗು ವ್ಯಾನ್ ಹತ್ತಿ ಹಿರಿಯೂರಿನ ಇಂಗ್ಲಿಷ್ ಶಾಲೆಗೆ ಹೋಗತೊಡಗಿತು. ತೊಡೆ ತಟ್ಟಿದ ಗುಂಪಿನಲ್ಲಿ ಕೊನೆಗೆ ಉಳಿದವಳು ರಂಜಿತಾಳ ಮಗಳು ಸುಷ್ಮಿತಾ ಒಬ್ಬಳೇ. ಬೇರೆ ಯಾರೂ ಇಲ್ಲದಿದ್ದರೂ ಊಟವಾದ ಮೇಲೆ ಅವಳು ಅದೇ ಜಾಗದಲ್ಲಿ, ಕೈಯನ್ನು ಮಡಿಲಲ್ಲಿ ಇಟ್ಟುಕೊಂಡು ಕೂರುತ್ತಿದ್ದಳು. ನೋಡಲಾಗದೆ ಹೋದ ವಾರ ನಾನೇ ಪುಟ್ಟ ಡೊಳ್ಳುಗಳ ತೊಗಲು ನೆನೆಸಿ ಹಗ್ಗ ಎಳೆದೆ. ಪದ್ಧತಿ ಮುರಿದೆ ಎಂದು ಬೈಯುವುದಾದರೆ ಬೈಯಿರಿ. ಯಾವ ತೊಗಲೂ ಬಿಗಿ ತಡೆಯಲಿಲ್ಲ, ಎಲ್ಲವೂ ಹರಿದು ಕೈಗೆ ಬಂದವು.

ಬನ್ನಿ ಎಂದು ಕರೆಯಲು ಇದನ್ನು ಬರೆಯುತ್ತಿಲ್ಲ. ಬಂದರೂ ಬಿಗಿಯಲು ತೊಗಲಿಲ್ಲ, ಕಲಿಯಲು ಮಕ್ಕಳಿಲ್ಲ. ಅವರ ದೊಡ್ಡ ಡೊಳ್ಳು ಅಟ್ಟದ ಮೇಲೆ ನೀವು ಇಟ್ಟ ಹಾಗೇ ಇದೆ. ಅದನ್ನು ನಾನು ಮುಟ್ಟಿಲ್ಲ.

ನಿನ್ನೆ ಅಂಗನವಾಡಿಯಲ್ಲಿ ಸುಷ್ಮಿತಾಳ ಕಡೆಯ ದಿನ. ಕರೆದೊಯ್ಯಲು ಅವಳ ತಾಯಿ ಬಾಗಿಲಲ್ಲಿ ನಿಂತಿದ್ದಳು. ಮಗು ಏಳಲಿಲ್ಲ. ಮಡಿಲಲ್ಲಿದ್ದ ಕೈಗಳನ್ನು ಎತ್ತಿ ನನ್ನ ಮುಂದೆ ಚಾಚಿ, "ನಂಗೆ ಕಾಯೋಕೆ ಬಂತು ಟೀಚರ್, ಈಗ ಕೊಡ್ರಿ" ಎಂದಳು.

ಮಾತ್ರೆ ತಪ್ಪಿಸಬೇಡಿ. ನಿಮ್ಮ ರೊಪ್ಪದ ಕಡೆ ತೋಳ ಸುಳಿಯದಿರಲಿ, ರಾತ್ರಿ ನಿಮಗೆ ನಿದ್ದೆ ಬರಲಿ.

ಇನ್ನೂ ನಿಮ್ಮ ಮನೆಯಲ್ಲೇ ಇರುವ ಸೊಸೆ,
ಜಯಶೀಲಾ