ಬಾಯಿಗೆ ಹಿಡಿದ ಟವೆಲ್

ಖಾನಾಪುರ
15-2-1984, ಬುಧವಾರ

ಮಗಳೇ ಕಾಂತಾ,

ನಿನ್ನ ಕೆಮ್ಮು ಹೇಗಿದೆ? ಹಾಸ್ಟೆಲ್ಲಿನವರು ಬಿಸಿನೀರು ಕೊಡುತ್ತಾರೋ ಇಲ್ಲವೋ? ಕೊಡದಿದ್ದರೆ ಜಗಳ ಮಾಡಿ ಇಸಿದುಕೋ. ನೀನು ಹೋಗಿ ಒಂಬತ್ತು ದಿನವಾಯಿತು, ಒಂದು ಕಾರ್ಡೂ ಇಲ್ಲ. ನಿಮ್ಮವ್ವ ಪೋಸ್ಟಿನವನ ದಾರಿ ಕಾಯುತ್ತಾಳೆ, ಅವನು ಹಾಗೇ ಮುಂದೆ ಹೋದರೆ ನನ್ನ ಮುಖ ನೋಡಿ ಒಳಗೆ ಹೋಗುತ್ತಾಳೆ. ನಾವು ಆರಾಮ ಎಂದು ಬರೆದರೆ ಸುಳ್ಳಾಗುತ್ತದೆ. ಕುರಿಗಳು ಆರಾಮ ಇವೆ. ನಾಲ್ಕನೇ ಇಯತ್ತೆಗೆ ಸಾಲೆ ಬಿಟ್ಟವನ ಅಕ್ಷರ, ಸಾವಕಾಶ ಓದು.

ನಿನ್ನನ್ನು ನೋಡಲು ಬಂದಿದ್ದ ಶಿವಬಸವ ನಗರದ ಮೈಲಾರಲಿಂಗನವರ ವಿಷಯ ಬರೆಯುತ್ತಿದ್ದೇನೆ. ಅವರ ಮಗ ನಾಗಲಿಂಗ ನಿನಗೆ ಒಪ್ಪಿಗೆಯಾಗಿದ್ದ, ನೀನೂ ಅವನಿಗೆ ಒಪ್ಪಿಗೆಯಾಗಿದ್ದೆ. ಕೆಡಿಸಿದವನು ನಾನು. ಹುಡುಗನ ಅಪ್ಪ ನಮ್ಮ ಹೊಸ್ತಿಲು ದಾಟಿದಾಗಿನಿಂದ ಮೂಗು ಬಾಯಿಗೆ ಹಿಡಿದ ಟವೆಲ್ಲನ್ನು ತೆಗೆಯಲಿಲ್ಲ. ಏನು ಕೇಳಿದರೂ ತಲೆ ಅಲ್ಲಾಡಿಸಿದರು. ನಿಮ್ಮವ್ವ ಕೊಟ್ಟ ಶೇಂಗಾ ಉಂಡಿ, ಚಕ್ಕುಲಿ ಮುಟ್ಟಲಿಲ್ಲ, ಚಹಾ ಆರಿ ಕೆನೆಗಟ್ಟಿತು. ಪಡಸಾಲೆಯ ಬಾಜುವೇ ಕುರಿದೊಡ್ಡಿ. ಇವರೂ ನಮ್ಮಂಥ ಕುರುಬರೇ, ಉದ್ಯಮಬಾಗದ ಫೌಂಡ್ರಿಯ ಪಗಾರ ಬಂದಮೇಲೆ ಕುರಿಯ ವಾಸನೆ ಹೇಸಿಗೆಯಾಯಿತೇ ಎಂದು ನನ್ನ ನೆತ್ತಿಗೇರಿತು. “ನಾತ ತಡೀಲಾರದವ್ರು ಕುರುಬರ ಹುಡುಗಿನ್ನ ಯಾಕ ಕೇಳಾಕ ಬಂದ್ರಿ? ಎದ್ದ ನಡೀರಿ!” ಎಂದುಬಿಟ್ಟೆ. ಅವರು ಎದ್ದರು, ನನಗೆ ಕೈಮುಗಿದರು, ಹೋದರು. ಆ ಕೈಮುಗಿದದ್ದನ್ನೂ ಸೊಕ್ಕು ಅಂದುಕೊಂಡೆ ನೋಡು.

ಮರುದಿನ ನೀನು ಉಣ್ಣದೇ ಬಸ್ಸು ಹತ್ತಿದೆ. “ಯಾಕ ಮುಚ್ಚಿಕೊಂಡಿದ್ರು ಅಂತ ಒಂದ ಮಾತ ಕೇಳಿದ್ರ ಏನಾಗ್ತಿತ್ತಪಾ?” ಎಂದು ನೀನು ಅಂದಿದ್ದೆ. ನಿನ್ನೆ ಉಣ್ಣೆ ಹಾಕಲು ಬೆಳಗಾವಿಗೆ ಹೋದಾಗ ಉದ್ಯಮಬಾಗದ ಸ್ಟಾಪಿನಲ್ಲಿ ನಾಗಲಿಂಗನೇ ಸಿಕ್ಕ. ನಾನು ಮುಖ ತಿರುಗಿಸಿದೆ, ಅವನೇ ಬಂದು ನಿಂತ. “ಅಪ್ಪಗ ಹಿಂದಿನ ದಿನಾ ಮುಂದಿನ ನಾಕ ಹಲ್ಲ ಕಿತ್ತಿದ್ರರೀ. ಮಾರಿ ಬಾತಿತ್ತು. ಮಾತ ಕೊಟ್ಟೇನಿ, ಹೋಗಬೇಕು ಅಂದ. ಬೊಚ್ಚಬಾಯಿ ಬೀಗರಿಗೆ ಕಾಣಬಾರದು, ಯಾರೂ ಹೇಳಬ್ಯಾಡ್ರಿ ಅಂತ ನಮ್ಮ ಕಡೆ ಆಣಿ ಮಾಡಿಸಿದ್ದ” ಅಂದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನಾನೂ ಬೈದು ಹಗುರಾಗುತ್ತಿದ್ದೆ. ಸೋಮವಾರ ಅವರು ಬೈಲಹೊಂಗಲಕ್ಕೆ ಮತ್ತೊಂದು ಹುಡುಗಿಯನ್ನು ನೋಡಲು ಹೊರಟಿದ್ದಾರಂತೆ. ಅದನ್ನು ಹೇಳುವಾಗ ಹುಡುಗ ನೆಲ ನೋಡಿದ.

ದೀಪಾವಳಿಯಲ್ಲಿ ನಿನ್ನ ಮನಃಶಾಸ್ತ್ರದ ಪುಸ್ತಕ ಹಿಡಿದು ಹೇಳಿದ್ದೆಯಲ್ಲ, ಮತ್ತೊಬ್ಬರು ಏನಾದರೂ ಮಾಡಿದರೆ ನಾವು ಅವರ ಗುಣವೇ ಹಾಗೆ ಎಂದು ಆಡುತ್ತೇವೆ, ನಾವು ಮಾಡಿದರೆ ನಮ್ಮ ಅಡಚಣೆ ಹೇಳುತ್ತೇವೆ ಎಂದು. “ಇದನ್ನ ಕಲ್ಯಾಕ ಬೆಳಗಾವಿಗೆ ಹೋಗಬೇಕೇನ, ನಮ್ಮ ಕುರಿನೂ ಹೇಳ್ತಾವ” ಎಂದು ನಾನು ನಕ್ಕಿದ್ದೆ. ಕುರಿಗೆ ತಿಳಿದದ್ದು ನನಗೆ ತಿಳಿಯಲಿಲ್ಲ. ಹೋದ ವರ್ಷ ಟಿಳಕವಾಡಿಯಲ್ಲಿ ನಿಮ್ಮ ಹಾಸ್ಟೆಲ್ ಮೇಡಮ್ ಮೂರು ಸಲ ಕುರ್ಚಿ ತೋರಿಸಿದರೂ ನಾನು ಕೂಡಲಿಲ್ಲ, ಗೋಡೆಗೆ ಬೆನ್ನು ಹಚ್ಚಿ ನಿಂತೆ. ನಿನ್ನಪ್ಪ ಬಹಳ ಬಿಗಿ ಎಂದು ಅವರು ನಿನ್ನ ಹತ್ತಿರ ಅಂದರಲ್ಲ? ಬಸ್ಸಿನ ಮೊಳೆಗೆ ಸಿಕ್ಕು ನನ್ನ ಧೋತರ ಹಿಂದೆ ಹರಿದಿತ್ತು ಕಾಂತಾ. ಇದನ್ನು ನಿಮ್ಮವ್ವನಿಗೂ ಹೇಳಿಲ್ಲ. ಒಂದು ಮಾತು ಕೇಳದೇ ಬಿಗಿ ಎಂದರಲ್ಲ ಎಂದು ಎಂಟು ದಿನ ಉರಿದೆ. ಮೈಲಾರಲಿಂಗನವರು ಎಷ್ಟು ದಿನ ಉರಿಯುತ್ತಿದ್ದಾರೋ.

ಬೀರಪ್ಪ ದೇವರು ನಿನ್ನ ಮೇಲೆ ಕಣ್ಣಿಟ್ಟಿರಲಿ. ನಿಮ್ಮವ್ವ ಭರಮವ್ವ ಕೆಮ್ಮಿಗೆ ಹಿಪ್ಪಲಿ ಪುಡಿ ಕಟ್ಟಿಟ್ಟಿದ್ದಾಳೆ.

ನಿನ್ನ ಅಪ್ಪ,
ಹಣಮಪ್ಪ

ತಾ.ಕ.: ಹಿಪ್ಪಲಿ ಪುಡಿ ನಾನೇ ತರುತ್ತೇನೆ. ರವಿವಾರ ಒಂಬತ್ತು ಗಂಟೆಗೆ ಬೆಳಗಾವಿ ಸ್ಟ್ಯಾಂಡಿನಲ್ಲಿ ನಿಂತಿರು, ಇಬ್ಬರೂ ಶಿವಬಸವ ನಗರಕ್ಕೆ ಹೋಗೋಣ. ಹುಡುಗಿ ತಾನಾಗಿ ಹುಡುಗನ ಮನೆಗೆ ಹೋಗುವ ರೂಢಿ ಇಲ್ಲ, ಗೊತ್ತು. ಸೋಮವಾರ ರೂಢಿಗಾಗಿ ನಿಲ್ಲುವುದಿಲ್ಲ. ನಿಮ್ಮವ್ವ ಮೆತ್ತಗಿನ ಸಜ್ಜಕ ಮಾಡಿಕೊಡುತ್ತಾಳೆ, ಅದಕ್ಕೆ ಹಲ್ಲು ಬೇಡ. ಅವರು ಬಾಗಿಲು ತೆರೆಯದಿದ್ದರೆ, ಯಾಕೆ ಎಂದು ನೀನೇ ಕೇಳು. ನಾನು ಕೇಳಿದರೆ ಬೈದ ಹಾಗೆ ಕೇಳಿಸುತ್ತದೆ.