ಅಪ್ಪ ಫೇಲು ಮಾಡಿದ ಕನ್ನಡಿ

ಹೊಸ ಮನೆ, ಮೂರನೆಯ ಮಹಡಿ
ನವೆಂಬರ್ 16, ಭಾನುವಾರ ಬೆಳಿಗ್ಗೆ

ಪ್ರೀತಿಯ ಅಪ್ಪಾ,

ನಿನ್ನ ಕನ್ನಡಿ ಗೆದ್ದಿತು! ಕೆಟ್ಟುಹೋಯಿತು ಅಂತ ನೀನು ಗೋಣಿಚೀಲದಲ್ಲಿ ಸುತ್ತಿ ಅಟ್ಟಕ್ಕೆ ಎಸೆದಿದ್ದ ಅದೇ ಆರಂಗುಲದ ಟೆಲಿಸ್ಕೋಪು ಕನ್ನಡಿ, ನಿನ್ನೆ ಸಂಜೆ ನಮ್ಮ ಆಕಾಶವೀಕ್ಷಕರ ಸಂಘದ ವಾರ್ಷಿಕ ಕೂಟದಲ್ಲಿ, ಮನೆಯಲ್ಲೇ ಮಾಡಿದ ಹದಿನಾಲ್ಕು ಟೆಲಿಸ್ಕೋಪುಗಳಲ್ಲಿ ಮೊದಲನೆಯದು ಅನ್ನಿಸಿಕೊಂಡಿತು. ಅವಸರದಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಹೊಟ್ಟೆಗೆ ಹಾಕಿಕೊ.

ಕ್ಷೇಮ ಕೇಳುವುದಕ್ಕೆ ಮೊದಲೇ ಸುದ್ದಿ ಒದರಿಬಿಟ್ಟಳು ಅಂತ ಅಮ್ಮ ಈಗ ಗೊಣಗಿರುತ್ತಾಳೆ. ಸರಿ, ಕೇಳುತ್ತೇನೆ. ಹೇಗಿದ್ದೀಯ? ಮಂಡಿ ಹೇಗಿದೆ? ಕಣ್ಣು? ಈ ಕಾಗದವನ್ನು ನಿನಗೆ ಅಮ್ಮನೇ ಓದಿ ಹೇಳುತ್ತಿದ್ದಾಳೆ ಅಂತ ನನಗೆ ಗೊತ್ತು. ನೀನು ಪೇಪರನ್ನು ಕಿಟಕಿಗೆ ಹಿಡಿದು ತಲೆಬರಹ ಮಾತ್ರ ಓದುತ್ತೀಯಂತೆ, ಬೀದಿದೀಪಗಳಿಗೆ ಕೂದಲು ಹುಟ್ಟಿದೆ ಅನ್ನುತ್ತೀಯಂತೆ. ಅಂಗಡಿಯಲ್ಲಿ ಬರೀ ಕನ್ನಡಕದ ಫ್ರೇಮು ಮಾರಿಕೊಂಡು ಕೂರುತ್ತೀಯಂತೆ, ಗಾಜು ಅರೆಯುವ ಮೇಜಿಗೆ ಹಳೇ ಹೊದಿಕೆ ಹಾಕಿ ವರ್ಷ ಆಯಿತಂತೆ. ಫೋನಿನಲ್ಲಿ ನಾನು ಈ ಮಾತೆತ್ತಿದರೆ ಸಾಕು, 'ಗಿರಾಕಿ ಬಂದ್ರು, ಇಡ್ತೀನಿ' ಅನ್ನುತ್ತೀಯ. ಮಧ್ಯಾಹ್ನ ಊಟದ ಹೊತ್ತಿನಲ್ಲೂ ಅದೆಂಥ ಗಿರಾಕಿಯಪ್ಪಾ? ಅದಕ್ಕೇ ಕಾಗದ ಬರೆದೆ. ಇದನ್ನು ಅರ್ಧಕ್ಕೆ ಇಡೋದಕ್ಕೆ ಅಮ್ಮ ಬಿಡುವುದಿಲ್ಲ.

ನನ್ನ ಮದುವೆಯ ಉಡುಗೊರೆಗೆ ಅಂತ ನೀನು ಆ ಕನ್ನಡಿ ಅರೆಯಲು ಕೂತದ್ದು, ಕೊನೆಗೆ ನುಣುಪು ನೋಡಲು ದೀಪ ಇಟ್ಟು, ಕನ್ನಡಿಯಿಂದ ಮರಳುವ ಬೆಳಕನ್ನು ಬ್ಲೇಡಿನಂಚಿನಿಂದ ತಡೆದು ಪರೀಕ್ಷೆ ಮಾಡಿ 'ಮಂಜು ಹಿಡಿದಿದೆ' ಅಂದದ್ದು, ಮತ್ತೆ ನಾಲ್ಕು ತಿಂಗಳು ಪಾಲಿಷ್ ಹಾಕಿದ್ದು, ಆಗಲೂ ಮಂಜು ಹೋಗದೆ ಇದ್ದದ್ದು, ಎಲ್ಲ ನನ್ನ ಕಣ್ಣಿಗೆ ಕಟ್ಟಿದೆ. ಅದಕ್ಕಿಂತ ಹೆಚ್ಚಾಗಿ, ಮದುವೆಗೆ ಎರಡು ದಿನ ಇರುವಾಗ ನೀನು ಕೈ ಒರೆಸಿಕೊಳ್ಳುತ್ತಾ ಹೇಳಿದ ಮಾತು. 'ನನ್ನ ಕೈ ಹೋಯ್ತು ಕಣೇ. ಇನ್ನು ಗಾಜು ಮುಟ್ಟಬಾರದು.' ಮೂವತ್ತೆಂಟು ವರ್ಷ ಊರಿನವರ ಕಣ್ಣಿಗೆಲ್ಲ ಗಾಜು ಅರೆದುಕೊಟ್ಟ ಕೈ ಅದು. ಅದಕ್ಕೇ ಯಾರಿಗೂ ಹೇಳದೆ ಅಟ್ಟ ಹತ್ತಿ, ಕನ್ನಡಿಯನ್ನು ನನ್ನ ಬಟ್ಟೆಪೆಟ್ಟಿಗೆಯ ತಳಕ್ಕೆ ಸೇರಿಸಿದೆ. ಕದ್ದದ್ದಕ್ಕೆ ಕ್ಷಮೆ ಕೇಳುವುದಿಲ್ಲ. ನನ್ನ ಉಡುಗೊರೆ ಅಲ್ಲವಾ!

ಇಲ್ಲಿ ನಿನ್ನ ಅಳಿಯ ಅದನ್ನು ನೋಡಿ ಹೆದರಲಿಲ್ಲ, ಗೊಣಗಲೂ ಇಲ್ಲ. (ಇವರು ಎಷ್ಟು ಒಳ್ಳೆಯವರು ಅಂತ ಬರೆಯಲು ಹೊರಟರೆ ಅಂಚೆಚೀಟಿ ಸಾಲುವುದಿಲ್ಲ.) ತಾವು ಕೆಲಸ ಮಾಡುವ ಮುದ್ರಣಾಲಯದಲ್ಲಿ ಕಾಗದದ ಸುರುಳಿ ಮುಗಿದ ಮೇಲೆ ಉಳಿಯುವ ದಪ್ಪ ರಟ್ಟಿನ ಕೊಳವೆಯನ್ನು ಮೇಲ್ವಿಚಾರಕರಿಂದ ಕೇಳಿ ಟೆಲಿಸ್ಕೋಪಿನ ಮೈಗೆ ಅಂತ ಹೆಗಲ ಮೇಲೆ ಹೊತ್ತು ತಂದರು. ಸಂಘದವರು ತಮ್ಮ ಕನ್ನಡಿಗಳ ಜೊತೆ ನಮ್ಮದಕ್ಕೂ ಹೊಳಪಿನ ಲೇಪ ಹಾಕಿಸಿಕೊಟ್ಟರು. ಮೊದಲ ಸಂಜೆ ತಾರಸಿಯ ನೀರಿನ ಟ್ಯಾಂಕಿನ ಪಕ್ಕ ನಿಂತು ಚಂದ್ರನನ್ನು ನೋಡಿದೆವು. ಕುಳಿಗಳ ಅಂಚಿಗೆ ಬಿಸಿಲು ಬಿದ್ದು, ಒಳಗೆ ಕತ್ತಲು ತುಂಬಿ, ಕೈ ಹಾಕಿದರೆ ತಳ ಸಿಕ್ಕೀತು ಅನ್ನುವ ಹಾಗಿತ್ತು. ಇವರು ಐದು ನಿಮಿಷ ಕಣ್ಣು ತೆಗೆಯಲಿಲ್ಲ, ನಾನು ಭುಜ ಹಿಡಿದು ಎಳೆಯಬೇಕಾಯಿತು. ಕೆಟ್ಟ ಕನ್ನಡಿಯೇ ಹೀಗಿದ್ದರೆ ಒಳ್ಳೆಯದು ಹೇಗಿರುತ್ತದೋ ಅಂದರು. ಅಲ್ಲೇ ನನಗೆ ತಲೆ ಓಡಬೇಕಿತ್ತು. ಓಡಲಿಲ್ಲ. ಅಪ್ಪ ಹೇಳಿದ ಮೇಲೆ ಮುಗಿಯಿತು, ಅದು ವೇದವಾಕ್ಯ. ವರ್ಷವಿಡೀ ಏನು ಮಸುಕಾಗಿ ಕಂಡರೂ 'ಮಂಜು, ಮಂಜು' ಅಂತ ಕನ್ನಡಿಯನ್ನೇ ಬೈದೆವು. ಅಸಲಿಗೆ ಒಮ್ಮೆ ಅದು ಇಬ್ಬನಿ, ಒಮ್ಮೆ ಕೆಳಮನೆಯವರ ಸ್ನಾನದ ಹಂಡೆಯ ಹೊಗೆ, ಒಮ್ಮೆ ನನ್ನ ಉಸಿರೇ.

ಎಂಥ ವರ್ಷ ಅಪ್ಪಾ! ಮಾರ್ಚಿನಲ್ಲಿ ಚಂದ್ರನ ಮೇಲೆ ಒಂದು ನೌಕೆ ನೆಟ್ಟಗೆ ಇಳಿಯಿತು, ನಾಲ್ಕು ದಿನ ಬಿಟ್ಟು ಇನ್ನೊಂದು ಇಳಿದು ಮಗ್ಗುಲಾಗಿ ಮಲಗಿತು. ಆ ಸುದ್ದಿ ಬಂದಾಗ ನಾನು ನೀರು ಸರಬರಾಜು ಕಚೇರಿಯ ದೂರುಗಳ ಫೋನಿನ ಮುಂದೆ ಕೂತಿದ್ದೆ. ಎರಡು ದಿನದಿಂದ ನಲ್ಲಿ ಬಂದಿಲ್ಲ ಅಂತ ಒಬ್ಬ ಅಜ್ಜಿ ಬೈಯುತ್ತಿದ್ದರು. ಬಾಯಿ ತಪ್ಪಿ, ಅಜ್ಜೀ, ಚಂದ್ರನ ಮೇಲೆ ನೌಕೆ ಇಳೀತು ಅಂದುಬಿಟ್ಟೆ. ಅಜ್ಜಿ, 'ಅಲ್ಲಾದ್ರೂ ನೀರು ಬರುತ್ತಾ?' ಅಂದರು. ಬೇರೆ ಯಾವುದೋ ಸೂರ್ಯನ ಕಡೆಯಿಂದ ಒಂದು ಧೂಮಕೇತು ನಮ್ಮ ಅಂಗಳ ಹಾದುಹೋಯಿತು. ಅದು ನಮ್ಮ ಕೈಗೆ ಸಿಗುವಷ್ಟು ದೊಡ್ಡದಲ್ಲ, ಸಿಗಲೂ ಇಲ್ಲ. ಆದರೆ ಅಕ್ಟೋಬರಿನಲ್ಲಿ ಇನ್ನೊಂದು ಧೂಮಕೇತು ಸಂಜೆಯ ಆಕಾಶದಲ್ಲಿ ಹತ್ತಿಯ ಎಳೆಯ ಹಾಗೆ ಸಿಕ್ಕಿತು. ಅವತ್ತು ಇವರು ಖುಷಿಗೆ ನನ್ನನ್ನು ಎತ್ತಿ ತಿರುಗಿಸಿ, ಇಳಿಸುವಾಗ ಸ್ಟೂಲಿಗೆ ಕಾಲು ಬಡಿಸಿದರು. (ಅಮ್ಮಾ, ಗಾಬರಿ ಬೇಡ, ಬರೀ ಹೆಬ್ಬೆರಳು.)

ಈಗ ನಿನ್ನೆಯ ಕಥೆ. ಶಾಲೆಯ ಮೈದಾನ, ಹದಿನಾಲ್ಕು ಟೆಲಿಸ್ಕೋಪುಗಳ ಸಾಲು, ತೀರ್ಪು ಹೇಳಲು ಸಂಘದ ಹಿರಿಯರಾದ ಗಡಿಯಾರ ರಿಪೇರಿಯವರು. ಶನಿಯ ಬಳೆ ಈ ತಿಂಗಳು ನಮ್ಮ ಕಡೆಗೆ ಬರೀ ಅಂಚು ತೋರಿಸಿಕೊಂಡು ನಿಂತಿದೆ, ಕೂದಲೆಳೆಯಷ್ಟೇ ತೆಳು. ಅದನ್ನು ಯಾರ ಟೆಲಿಸ್ಕೋಪು ತೋರಿಸುತ್ತದೋ ಅವರದು ಮೇಲು ಅಂತ ಅವರ ಲೆಕ್ಕ. ಒಂದೊಂದರಲ್ಲೇ ಬಗ್ಗಿ ನೋಡುತ್ತಾ ಬಂದರು. ಎಲ್ಲದರಲ್ಲೂ ಶನಿ ಬೋಳು ಗುಂಡು. ನಮ್ಮದರಲ್ಲಿ ಬಗ್ಗಿದವರು ಮೇಲೇಳಲೇ ಇಲ್ಲ. ಮುತ್ತಿಗೆ ಸೂಜಿ ಚುಚ್ಚಿದ ಹಾಗೆ ಎರಡೂ ಕಡೆ ಸಣ್ಣ ಗೆರೆ! ನಂಬಿಕೆಯಾಗದೆ ಕನ್ನಡಿ ಬಿಚ್ಚಿಸಿ, ಶಾಲೆಯ ಕೋಣೆಯಲ್ಲಿ ದೀಪ ಇಟ್ಟು, ನಿನ್ನ ಹಾಗೆಯೇ ಬ್ಲೇಡಿನಂಚಿನಿಂದ ಪರೀಕ್ಷಿಸಿದರು. ಯಾರು ಅರೆದದ್ದು ಅಂತ ಕೇಳಿದರು. ನಮ್ಮಪ್ಪ, ಆದರೆ ಮಂಜು ಹಿಡಿದಿದೆ ಅಂತ ಅವರೇ ಕೈಬಿಟ್ಟರು ಅಂದೆ.

'ಮಂಜಾ? ಎಲ್ಲಿದೆ ತೋರ್ಸು. ಇಷ್ಟು ನುಣುಪು ನಾನು ಜನ್ಮದಲ್ಲಿ ನೋಡಿಲ್ಲ. ಕನ್ನಡಿ ಸರಿಯಾಗಿದೆ ಕಣಮ್ಮಾ, ನಿಮ್ಮಪ್ಪಂಗೆ ಮೊದಲು ಕಣ್ಣು ತೋರಿಸ್ಕೊಳ್ಳೋಕೆ ಹೇಳು.'

ಎಲ್ಲರೂ ನಕ್ಕರು. ನಾನೇ ಜೋರಾಗಿ ನಕ್ಕೆ. ನಗುತ್ತಾ ನಗುತ್ತಾ ಒಂದೊಂದೇ ನೆನಪಾಯಿತು. ಬೀದಿದೀಪದ ಕೂದಲು, ಕಿಟಕಿಗೆ ಹಿಡಿದ ಪೇಪರು, ನಾಲ್ಕು ತಿಂಗಳು ಉಜ್ಜಿದರೂ ಹೋಗದ ಮಂಜು. ಗಾಜಿನಲ್ಲಿ ಇಲ್ಲದ್ದನ್ನು ಗಾಜಿನಿಂದ ತೆಗೆಯಲು ಹೆಣಗಾಡಿದೆಯಲ್ಲ ಅಪ್ಪಾ! ಅದೇ ನಾಲ್ಕು ತಿಂಗಳ ಪಾಲಿಷ್ ನಿನ್ನೆ ಗೆದ್ದದ್ದು. ಊರಿಗೆಲ್ಲ ಅಕ್ಷರದ ಫಲಕ ತೋರಿಸಿ ಕಣ್ಣು ನೋಡಿದ ನೀನು, ಒಂದು ದಿನವೂ ಆ ಕುರ್ಚಿಯಲ್ಲಿ ಕೂರಲಿಲ್ಲ. ದೀಪದ ಬುಡದಲ್ಲಿ ಕತ್ತಲೆ ಅಂದರೆ ಇದೇ. ನಿನ್ನ ಕೈ ಎಲ್ಲಿಗೂ ಹೋಗಿಲ್ಲ. ಪೊರೆ ಬಂದಿರುವುದು ಕಣ್ಣಿಗೆ, ಅದನ್ನು ತೆಗೆಯುವವರಿದ್ದಾರೆ. ನೀನು ಸುಮ್ಮಸುಮ್ಮನೆ ಒಂದು ವರ್ಷ ಕೈಗೆ ಶಿಕ್ಷೆ ಕೊಟ್ಟೆ.

ಇವರು ನಿಮ್ಮಿಬ್ಬರಿಗೂ ನಮಸ್ಕಾರ ಹೇಳುತ್ತಿದ್ದಾರೆ, ಹೇಳುತ್ತಲೇ ಕನ್ನಡಿಯ ಪೆಟ್ಟಿಗೆಗೆ ಬಣ್ಣ ಬಳಿಯುತ್ತಿದ್ದಾರೆ. ಅಮ್ಮನಿಗೆ ಒಂದು ಮುತ್ತು, ನಿನಗೆ ಎರಡು, ಗೆದ್ದವನಾದ್ದರಿಂದ.

ನಿನ್ನ ಬಾಯಿ ಮುಚ್ಚದ
ರೇಡಿಯೋ

ಮರೆತೆ: ಅಮ್ಮಾ, ಇದನ್ನು ಎರಡು ಸಲ ಗಟ್ಟಿಯಾಗಿ ಓದು. ಶುಕ್ರವಾರ ಬೆಳಿಗ್ಗೆ ಹತ್ತಕ್ಕೆ ನಿಮ್ಮೂರಿನ ಕಣ್ಣಿನ ಡಾಕ್ಟರ ಹತ್ತಿರ ಅಪ್ಪನ ಹೆಸರು ಬರೆಸಿದ್ದೇನೆ. ಒಪ್ಪಿಗೆ ಕೇಳುತ್ತಿಲ್ಲ, ತಿಳಿಸುತ್ತಿದ್ದೇನೆ. ಕನ್ನಡಿಯನ್ನು ಮಾತ್ರ ತರುವುದಿಲ್ಲ. ನೋಡಬೇಕಿದ್ದರೆ ಅಪ್ಪ ಹೊಸ ಕಣ್ಣು ಹಾಕಿಸಿಕೊಂಡು ನಮ್ಮ ತಾರಸಿಗೆ ಬರಲಿ. ಹದಿನೈದು ದಿನ ರಜೆ ಸಿಕ್ಕಿದೆ, ಗುರುವಾರ ಬೆಳಿಗ್ಗೆ ಏಳೂಕಾಲರ ಪ್ಯಾಸೆಂಜರ್ ರೈಲಿನಲ್ಲಿ ಬಂದಿಳಿಯುತ್ತೇನೆ.