ಹಬ್ಬದ ಕಾಂಪೋಸಿಷನ್

೨೫ ಅಕ್ಟೋಬರ್ ೧೯೯೯, ಸಂಜೆ

ಮೂವತ್ತೊಂದು ನೋಟ್‌ಬುಕ್ ತಿದ್ದಿ ಮುಗಿಸಿದೆ. ದಸರಾ ರಜೆ ಹೇಗೆ ಕಳೆದಿರಿ — ಹತ್ತನೇ ತರಗತಿಗೆ ಕೊಟ್ಟ ಕಾಂಪೋಸಿಷನ್. ಮೂವತ್ತೊಂದು ಮಕ್ಕಳೂ ಮೈಸೂರಿನ ಮಾವನ ಮನೆಗೆ ಹೋಗಿದ್ದಾರೆ. ಮೂವತ್ತು ಮಕ್ಕಳು ಝೂನಲ್ಲಿ ಜಿರಾಫೆ ನೋಡಿದ್ದಾರೆ. ಗೈಡಿನಲ್ಲಿ ಇದ್ದದ್ದು ಇದ್ದ ಹಾಗೆ. ಒಬ್ಬ ಮಾತ್ರ ಜಿರಾಫೆ ಬಿಟ್ಟಿದ್ದಾನೆ, ಸಾಲು ತಪ್ಪಿ.

ಇವರಲ್ಲಿ ಮೂಡಿಗೆರೆ ದಾಟಿದವರು ಆರು ಜನ ಇದ್ದಾರೋ ಇಲ್ಲವೋ. ರಜೆಯಲ್ಲಿ ಅರ್ಧ ಜನ ತೋಟದಲ್ಲಿ ಕಳೆ ತೆಗೆದರು, ಉಳಿದರ್ಧ ಸೌದೆ ಹೊತ್ತರು. ನನ್ನ ಕಿಟಕಿಗೇ ಕಾಣುತ್ತಿತ್ತು.

ಹೋದ ವರ್ಷ ಇಂಗ್ಲಿಷ್‌ನಲ್ಲಿ ಪಾಸಾದವರು ಮೂವತ್ತನಾಲ್ಕಕ್ಕೆ ಒಂಬತ್ತು. ಬಾಯಿಪಾಠ ಮಾಡಿಸಿ, ಅರ್ಥ ಆಮೇಲೆ ಆಗುತ್ತೆ ಎನ್ನುತ್ತಾರೆ ಹೆಡ್‌ಮಾಸ್ಟರ್ ಚಂದ್ರಶೇಖರಪ್ಪನವರು. ಆಮೇಲೆ ಅಂದರೆ ಯಾವಾಗ ಅಂತ ಕೇಳಲಿಲ್ಲ. ಬೇಜಾರು. ವಸ್ತಾರೆಯಿಂದ ಈ ಬಾಳೂರಿಗೆ ಬಂದು ಎರಡೂವರೆ ವರ್ಷ, ಕಲಿಸಿದ್ದು ಒಂದು ಜಿರಾಫೆ.

೨೮ ಅಕ್ಟೋಬರ್

ಮೂಡಿಗೆರೆಯಲ್ಲಿ ಟ್ರೈನಿಂಗ್. ಬೆಂಗಳೂರಿನಿಂದ ಬಂದವರೊಬ್ಬರು ಮಾತಾಡಿದರು — ಹಬ್ಬ, ರಜೆ ಇವುಗಳನ್ನೇ ಹಿಡಿದು ಇಂಗ್ಲಿಷ್ ಕಲಿಸಿ, ಮಕ್ಕಳು ಕುಣಿದುಕೊಂಡು ಬರುತ್ತಾರೆ. ಕೊಟ್ಟ ಹಾಳೆಯಲ್ಲಿ ಕ್ರಿಸ್‌ಮಸ್ ಮರ, ಹಿಮದ ಗೊಂಬೆ, ಅದಕ್ಕೆ ಕ್ಯಾರೆಟ್ ಮೂಗು. ಬಣ್ಣ ತುಂಬಿಸಬೇಕಂತೆ. ನಮ್ಮಲ್ಲಿ ಮೇಲಿಂದ ಬೀಳುವುದು ಮಳೆ, ಅದು ಬಿಟ್ಟರೆ ಕಾಫಿ ತೋಟದ ಸಿಲ್ವರ್ ಮರದ ಎಲೆ.

ಆದರೂ ಬರುವಾಗ ಜೀಪಿನಲ್ಲಿ ಹದಿನಾಲ್ಕು ಜನರ ನಡುವೆ ಕೂತು ಅದನ್ನೇ ಯೋಚಿಸಿದೆ. ಗೊಂಬೆ ಬೇಡ. ಹಬ್ಬ ಬೇಕು. ಅವರದೇ ಹಬ್ಬ. ದೀಪಾವಳಿಗೆ ಇನ್ನು ಹತ್ತು ದಿನ.

೩೦ ಅಕ್ಟೋಬರ್, ಮಧ್ಯಾಹ್ನ

ಗೈಡ್ ಮುಚ್ಚಿಸಿದೆ. ಹಬ್ಬದ ದಿನ ನಿಮ್ಮ ಮನೆಯಲ್ಲಿ ನಿಜವಾಗಿ ಏನಾಗುತ್ತದೋ ಅದನ್ನು ಬರೆಯಿರಿ ಎಂದೆ. ಒಬ್ಬರೂ ಪೆನ್ನು ಎತ್ತಲಿಲ್ಲ. ಹೊಗೆ, ಎಲೆ, ಎಣ್ಣೆ, ದೀಪ — ಎಲ್ಲದರ ಇಂಗ್ಲಿಷ್ ಬೋರ್ಡ್ ಮೇಲೆ ಬರೆದೆ.

ಎರಡನೇ ಬೆಂಚಿನ ಹೂವಮ್ಮ ಎದ್ದು ನಿಂತಳು. ನಾನು ಇರುವ ಎಸ್ಟೇಟಿನಲ್ಲಿ ಆಳುಗಳ ಲೈನ್‌ಮನೆಯ ರಂಗಮ್ಮನ ಮಗಳು. ಗೊಬ್ಬರದ ಚೀಲದ ಮೇಲಿನ ಇಂಗ್ಲಿಷನ್ನೂ ಬಿಡದೆ ಓದುವವಳು. ಆ ಲೈನಿನಿಂದ ಇದುವರೆಗೆ ಒಬ್ಬರೂ ಎಸ್ಸೆಸ್ಸೆಲ್ಸಿ ಪಾಸಾಗಿಲ್ಲ. ಇವಳು ಆಗುತ್ತಾಳೆ. ಅದೊಂದು ಆಗಿಬಿಟ್ಟರೆ ನಾನು ಈ ಊರಿಗೆ ಬಂದದ್ದಕ್ಕೆ ಅರ್ಥವಿದೆ.

ಮನೆಯ ವಿಷಯ ಬರೆದರೆ ಯಾರಾದರೂ ಓದಿಬಿಟ್ಟರೆ ಎಂದು ಕೇಳಿದಳು. ನನಗೆ ತಕ್ಷಣ ಹೊಳೆಯಿತು.

"ಇಂಗ್ಲಿಷಲ್ಲಿ ಬರದ್ರೆ ಯಾರಿಗೆ ಗೊತ್ತಾಗುತ್ತೆ? ನಿಮ್ಮಮ್ಮಂಗೆ ಗೊತ್ತಾಗಲ್ಲ, ತೋಟದ ಲೆಕ್ಕ ಬರಿಯೋ ರೈಟರಿಗೂ ಗೊತ್ತಾಗಲ್ಲ. ನಾನೊಬ್ಳೇ ಓದೋದು."

ಆಮೇಲೆ ಡೆಸ್ಕಿನ ಮೇಲೆ ಪೆನ್ನುಗಳ ಸದ್ದು. ಎರಡೂವರೆ ವರ್ಷದಲ್ಲಿ ಮೊದಲ ಸಲ ಕೇಳಿದ ಸದ್ದು.

೩ ನವೆಂಬರ್

ಡಿಕ್ಷನರಿಯ ಬೆನ್ನು ಕಿತ್ತುಹೋಯಿತು, ಎಳೆದಾಡಿ. ಹೊಡೆತಕ್ಕೆ ಏನು, ಸಾರಾಯಿಗೆ ಏನು, ಹೊಟ್ಟೆಕಿಚ್ಚಿಗೆ ಏನು — ಕೇಳುವುದೇ ಕೇಳುವುದು. ಒಬ್ಬ ಬರೆದಿದ್ದಾನೆ, ಚಿಕ್ಕಪ್ಪ ಕೋಳಿಗೂಡಿನಲ್ಲಿ ಪಟಾಕಿ ಹಚ್ಚಿದ, ಕೋಳಿ ಒಂದು ತಿಂಗಳು ಮೊಟ್ಟೆ ಇಡಲಿಲ್ಲ, ಅಜ್ಜಿ ಒಂದು ತಿಂಗಳು ಮಾತಾಡಲಿಲ್ಲ. ಅಂಗಡಿಯವರ ಮಗಳು ರಕ್ಷಾ ಬರೆದಿದ್ದಾಳೆ, ಹಬ್ಬದಲ್ಲಿ ಅಪ್ಪ ಕುಡಿದು ಬರುತ್ತಾರೆ, ಅಮ್ಮ ಎಲ್ಲರ ಮುಂದೆ ಜ್ವರ ಎನ್ನುತ್ತಾಳೆ. ಕ್ರಿಯಾಪದ ಎಲ್ಲೆಂದರಲ್ಲಿ ಬಿದ್ದಿದೆ. ಬಿದ್ದಿರಲಿ.

ಸ್ಟಾಫ್‌ರೂಮಿನಲ್ಲಿ ಒಬ್ಬಳೇ ಕೂತು ನಕ್ಕೆ, ಅತ್ತೆ. ಎರಡೂ ಆಯಿತು.

೯ ನವೆಂಬರ್

ಪಾಡ್ಯದ ಊಟ ಬಂಗಲೆಯಲ್ಲಿ. ಎಸ್ಟೇಟಿನ ಯಜಮಾನರು ರೇಣುಕಪ್ರಸಾದ್ ಅವರು ನಮ್ಮವರೇ. ದೂರದಿಂದ ಏನೋ ಸಂಬಂಧವೂ ಹೌದಂತೆ. ಹಳೇ ಕ್ವಾರ್ಟರ್ಸಿನಲ್ಲಿ ನನಗೆ ರೂಮು ಬಿಟ್ಟುಕೊಟ್ಟವರು, ಬಾಡಿಗೆ ಮಾತೇ ಎತ್ತಿಲ್ಲ. ಬಂಗಲೆಯ ಅಮ್ಮ, ಯಜಮಾನರ ಹೆಂಡತಿ, ಕೂರಿಸಿ ಎರಡು ಸಲ ಪಾಯಸ ಬಡಿಸಿದರು. ಹೋಳಿಗೆಯೂ ಇತ್ತು. ರೂಮಿಗೆ ಬಂದು ಮಲಗಿಬಿಟ್ಟೆ.

೧೧ ನವೆಂಬರ್, ಸಂಜೆ ೫

ಹೂವಮ್ಮನ ದೀಪಾವಳಿ. ಎರಡು ಪುಟ. ಕನ್ನಡ ಮಾಡಿ ನೋಡುತ್ತೇನೆ.

ಪಾಡ್ಯದ ದಿನ ನಾವು ಬಂಗಲೆಗೆ ಹೋಗುತ್ತೇವೆ. ಎಲೆ ನಾವೇ ತರಬೇಕು. ಕಾಫಿ ಒಣಗಿಸುವ ಕಣದಲ್ಲಿ ಸಾಲಾಗಿ ಕೂರುತ್ತೇವೆ. ಮೇಸ್ತ್ರಿ ತಲೆ ಎಣಿಸುತ್ತಾನೆ. ಪಾಯಸವನ್ನು ಮೇಲಿಂದ ಹಾಕುತ್ತಾರೆ, ಕೈ ತಾಗಬಾರದು. ಅಮ್ಮೋರು ಬಂದು ಚೆನ್ನಾಗಿದೆಯಾ ಎಂದು ಕೇಳುತ್ತಾರೆ. ನನ್ನ ತಾಯಿ ಚೆನ್ನಾಗಿದೆ ಎನ್ನುತ್ತಾಳೆ. ಪ್ರತಿ ವರ್ಷ ಬಾಯಿಗೆ ಇಡುವ ಮೊದಲೇ ಚೆನ್ನಾಗಿದೆ ಎನ್ನುತ್ತಾಳೆ. ಉಂಡ ಮೇಲೆ ನಾವು ಕೂತ ಜಾಗಕ್ಕೆ ತಾಯಿಯೇ ಸಗಣಿ ಬಳಿಯುತ್ತಾಳೆ. ಈ ವರ್ಷ ನಮ್ಮ ಮಿಸ್ ಒಳಗೆ ಊಟ ಮಾಡುತ್ತಿದ್ದರು. ಕಿಟಕಿಯಲ್ಲಿ ಕಂಡರು. ಅವರು ಈ ಕಡೆ ನೋಡಲಿಲ್ಲ.

ಇಷ್ಟೇ. ನನ್ನನ್ನೂ ಬಿಟ್ಟಿಲ್ಲ ಹುಡುಗಿ. ಮುಖಕ್ಕೆ ಹೊಡೆದ ಹಾಗಾಯಿತು. ಆದರೆ ನಾಚಿಕೆಗಿಂತ ಹೆಮ್ಮೆಯೇ ಹೆಚ್ಚು, ಸುಳ್ಳು ಯಾಕೆ ಹೇಳಲಿ. ಇಂಥ ಇಂಗ್ಲಿಷ್ ನನಗೆ ಬರೆಯಲು ಬರುವುದಿಲ್ಲ. ಒಂದಕ್ಷರ ತಿದ್ದಲಿಲ್ಲ.

೧೩ ನವೆಂಬರ್, ಸಂಜೆ

ಮಕ್ಕಳ ದಿನಾಚರಣೆ, ಭಾನುವಾರ ಬೇಡವೆಂದು ಇವತ್ತೇ. ಬಿಇಒ ಬರುತ್ತಾರೆ, ಗೋಡೆ ಖಾಲಿ ಇರಬಾರದು ಎಂದರು ಹೆಡ್‌ಮಾಸ್ಟರ್. ಹತ್ತು ಒಳ್ಳೆಯ ಕಾಂಪೋಸಿಷನ್ ಅಂಟಿಸಿದೆ. ಹೆಸರು ಸಮೇತ. ಹೂವಮ್ಮನದು ನಡುವೆ.

ಬಿಇಒ ಬರಲಿಲ್ಲ. ಶಾಲಾ ಸಮಿತಿ ಅಧ್ಯಕ್ಷರು ಅಂತ ರೇಣುಕಪ್ರಸಾದ್ ಅವರು ಬಂದರು. ಊಟಿಯ ಕಾನ್ವೆಂಟಿನಲ್ಲಿ ಓದಿದವರು. ಕನ್ನಡಕ ಹಾಕಿಕೊಂಡು ಒಂದೊಂದೇ ಓದಿದರು. ನಡುವಿನ ಹಾಳೆಯ ಮುಂದೆ ಬಹಳ ಹೊತ್ತು ನಿಂತರು. ಆಮೇಲೆ ಮೆತ್ತಗೆ ಕೇಳಿದರು.

"ಇದು ನೀವು ಹೇಳಿ ಬರೆಸಿದ್ದಾ ಮೇಡಂ?"

"ಇಲ್ಲ ಸರ್. ಪೂರ್ತಿ ಅವಳದ್ದೇ. ನಾನು ಒಂದಕ್ಷರಾನೂ ಮುಟ್ಟಿಲ್ಲ."

ಒಳ್ಳೆ ಇಂಗ್ಲಿಷ್ ಎಂದರು. ಮಕ್ಕಳಿಗೆ ಪೆನ್ಸಿಲ್ ಹಂಚಿ, ಕಾಫಿ ಬೇಡವೆಂದು ಹೋದರು. ಊಟಿಯಲ್ಲಿ ಓದಿದವರು ಮೆಚ್ಚಿದರು! ಹೂವಮ್ಮನಿಗೆ ಹೇಳೋಣವೆಂದರೆ ಕಾಣಲಿಲ್ಲ. ಗೋಡೆ ನೋಡಿ ಆಗಲೇ ಮನೆಗೆ ಹೋದಳಂತೆ. ಸಂಕೋಚದ ಹುಡುಗಿ.

೧೬ ನವೆಂಬರ್

ಹೂವಮ್ಮ ನಿನ್ನೆ ಬಂದಿಲ್ಲ. ಇವತ್ತೂ ಇಲ್ಲ.

೧೭ ನವೆಂಬರ್

ಹೆಡ್‌ಮಾಸ್ಟರ್ ಬಾಗಿಲು ಹಾಕಿ ಕೂರಿಸಿದರು. ಯಜಮಾನರು ಮನೆಗೆ ಹೋಗಿ ಹೆಂಡತಿಗೆ ಹೇಳಿದ್ದಾರೆ. ಅಮ್ಮ ನಾಲ್ಕು ಗಂಟೆಗೆ ಎದ್ದು ತಾವೇ ಮಾಡಿದ ಪಾಯಸ ಅದು. ಅತ್ತರಂತೆ. ಆ ಮಾತು ರೈಟರ್ ದೇವರಾಜನ ಕಿವಿಗೆ ಬಿತ್ತು. ಸೋಮವಾರ ಬೆಳಿಗ್ಗೆ ಹಾಜರಿ ಕೂಗುವಾಗ, ಅಷ್ಟೂ ಆಳುಗಳ ಮುಂದೆ, ಅವನು ರಂಗಮ್ಮನನ್ನು ನಿಲ್ಲಿಸಿ ಕೇಳಿದ್ದಾನೆ — ಪಾಯಸ ಚೆನ್ನಾಗಿರಲಿಲ್ಲವಂತೆ ಹೌದಾ? ಬಾಯಿಗೆ ಇಡುವ ಮೊದಲೇ ಗೊತ್ತಾಗುತ್ತಾ ನಿನಗೆ? ಎಲ್ಲರೂ ನಕ್ಕಿದ್ದಾರೆ. ಲೈನಿನವರೂ.

ನಾನು ಏನೋ ಹೇಳಲು ಹೋದೆ. ಅವರು ತಡೆದರು.

"ನೀವು ಬರೆಸಿದ್ದಾ ಅಂತ ಕೇಳಿದ್ರಲ್ಲ ಮಾರಾಯ್ತಿ, ಅದು ದಾರಿ ತೋರ್ಸಿದ್ದು. ಹೌದು ಅಂದಿದ್ರೆ ನಿಮಗೊಂದು ಮಾತು ಬೀಳ್ತಿತ್ತು, ಅಲ್ಲಿಗೆ ಮುಗೀತಿತ್ತು."

ಎದ್ದು ಬಂದು ಗೋಡೆಯ ಹಾಳೆಗಳನ್ನೆಲ್ಲ ಕಿತ್ತೆ. ರಕ್ಷಾಳದೂ ಅಲ್ಲಿತ್ತು. ಅಪ್ಪ ಕುಡಿಯುವುದು, ಅಮ್ಮನ ಜ್ವರ. ಅದನ್ನೂ ನಾನೇ ಅಂಟಿಸಿದ್ದೆ. ಇಂಗ್ಲಿಷ್ ಓದಬಲ್ಲವರು ಊರಿಗೆ ಒಬ್ಬರೇ ಇದ್ದರು, ಅವರ ಕಣ್ಣೆದುರಿಗೇ ಇಟ್ಟೆ. ಯಾಕೆ? ಹೊಗಳಲಿ ಅಂತ. ಬೇರೆ ಕಾರಣ ಹುಡುಕಿದೆ, ಇಲ್ಲ.

೧೮ ನವೆಂಬರ್

ಬಂಗಲೆಗೆ ಹೋದೆ. ಹೇಳಿ ಬರೆಸಿದ್ದು ನಾನೇ, ಆವತ್ತು ಹೆದರಿ ಸುಳ್ಳಾಡಿದೆ ಎಂದೆ. ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಹೋಗಿದ್ದೆ.

ಅವರು ಪೇಪರ್ ಮಡಿಸಿಟ್ಟರು. ಕೋಪ ಇರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು.

"ಸುಳ್ಳು ನಿಮಗೆ ಒಗ್ಗಲ್ಲ ಮೇಡಂ, ಬಿಡಿ. ನಾನು ಯಾರನ್ನೂ ಶಾಲೆ ಬಿಡ್ಸಿಲ್ಲ. ಅವರಮ್ಮನೇ ಬಿಡ್ಸಿದಾಳೆ."

ಅದು ನಿಜ. ಯಾರೂ ಏನೂ ಮಾಡಿಲ್ಲ. ಅಮ್ಮ ಒಳಗಿಂದ ಕಾಫಿ ಕಳಿಸಿದರು, ತಾವು ಹೊರಗೆ ಬರಲಿಲ್ಲ. ಲೋಟ ಹಿಡಿದು ಕೂತಿದ್ದೆ. ಕುಡಿದೆ ಕೂಡ. ಥೂ.

೨೧ ನವೆಂಬರ್, ಭಾನುವಾರ

ಲೈನ್‌ಮನೆ. ನನ್ನ ರೂಮಿನಿಂದ ಹತ್ತು ನಿಮಿಷದ ದಾರಿ, ಮೊದಲ ಸಲ ಹೋದದ್ದು. ರಂಗಮ್ಮ ಚಾಪೆ ಹಾಸಿದಳು, ಕೂರಿ ಎನ್ನುವ ಮೊದಲು ಎರಡು ಸಲ ದಾರಿಯ ಕಡೆ ನೋಡಿದಳು. ಬಯ್ಯಲಿ ಅಂತ ಹೋಗಿದ್ದೆ. ಬಯ್ಯಲಿಲ್ಲ. ಕೊಯ್ಲು ಹತ್ತಿರ ಬಂತು, ಕೈ ಬೇಕು ಎಂದಳು. ಪರೀಕ್ಷೆಗೆ ನಾಲ್ಕು ತಿಂಗಳಿದೆ, ಮಗಳು ಖಂಡಿತ ಪಾಸಾಗುತ್ತಾಳೆ ಎಂದೆ. ಕೈ ಮುಗಿಯುವುದೊಂದು ಬಾಕಿ, ಅದನ್ನೂ ಮಾಡಿದೆ. ಆಗ ಹೇಳಿದಳು.

"ಇಪ್ಪತ್ತು ವರ್ಷ ಚೆನ್ನಾಗೈತೆ ಚೆನ್ನಾಗೈತೆ ಅಂದ್ಕಂಡು ಈ ಸೂರು ಉಳಿಸ್ಕಂಡಿದೀನಿ ಟೀಚ್ರಮ್ಮ. ಇವ್ಳು ಓದಿ ಒಂದೇ ದಿನಕ್ಕೆ ಆ ಮಾತಿನ ಬೆಲೆ ಕಳದ್ಲು. ಇನ್ನೂ ಓದಿದ್ರೆ ಇನ್ನೇನು ಬರೀತಾಳೋ."

ಹೂವಮ್ಮ ಬಾಗಿಲ ಹತ್ತಿರ ಕಾಡುಬಳ್ಳಿಯ ಬುಟ್ಟಿ ಸರಿಮಾಡುತ್ತಿದ್ದಳು. ತಲೆ ಎತ್ತಲಿಲ್ಲ. ಬರಲು ಎದ್ದಾಗ ಅಂಗಳದವರೆಗೆ ಬಂದಳು. ಅಳುತ್ತಾಳೆ ಅಂದುಕೊಂಡೆ. ಇಲ್ಲ. ಲೆಕ್ಕ ತಾಳೆಯಾಗದವರು ಕೇಳುವಂತೆ ಕೇಳಿದಳು.

"ನೀವೊಬ್ರೇ ಓದೋದು ಅಂದಿದ್ರಲ್ಲ ಮಿಸ್?"

ಚಪ್ಪಲಿ ಮೆಟ್ಟಿ ದಾರಿ ಹಿಡಿದೆ.

೧೦ ಡಿಸೆಂಬರ್

ಎಸ್ಸೆಸ್ಸೆಲ್ಸಿ ಅರ್ಜಿ ಕಳಿಸಲು ಕೊನೇ ದಿನ. ಮೂವತ್ತು ಅರ್ಜಿ ಹೋಯಿತು. ಹೂವಮ್ಮನದನ್ನು ನಾನೇ ತುಂಬಿಟ್ಟಿದ್ದೆ. ಫೋಟೋ ಇಲ್ಲ, ಸಹಿ ಇಲ್ಲ. ಮೂರು ಸಲ ಹೇಳಿಕಳಿಸಿದೆ. ಕಾಫಿ ಹಣ್ಣಿನ ಕೊಯ್ಲು ಮುಗಿಯಲಿ ಎಂದು ಮೂರು ಸಲವೂ ಉತ್ತರ. ಹಣ್ಣು ಮುಗಿಯುವುದು ಫೆಬ್ರವರಿಗೆ. ರಂಗಮ್ಮನಿಗೆ ಅದು ಗೊತ್ತು, ನನಗೂ ಗೊತ್ತು. ಅರ್ಜಿಯನ್ನು ಹೆಡ್‌ಮಾಸ್ಟರ್ ಟೇಬಲ್ಲಿನ ಮೇಲಿಂದ ತೆಗೆದು ಬ್ಯಾಗಿಗೆ ಹಾಕಿಕೊಂಡೆ. ಇನ್ನು ಅದರಿಂದ ಏನಾಗಬೇಕು.

ರೂಮು ಬದಲಾಯಿಸಬೇಕು. ಬಾಳೂರಿನಲ್ಲಿ ಬೇರೆ ರೂಮು ಸಿಗುವುದಿಲ್ಲ. ಹೀಗೆ ಅಂದುಕೊಂಡೇ ಒಂದು ತಿಂಗಳಾಯಿತು. ಸಿಗುತ್ತದೆಯೋ ಏನೋ, ನಾನು ಕೇಳಿಲ್ಲ.

೨೪ ಡಿಸೆಂಬರ್

ಕ್ರಿಸ್‌ಮಸ್ ಪಾಠ. ಟ್ರೈನಿಂಗಿನ ಹಾಳೆ ಹಂಚಿದೆ. ಹಿಮದ ಗೊಂಬೆಗೆ ಬಣ್ಣ ತುಂಬಿದರು. ಗಲಾಟೆ ಇಲ್ಲ, ಪ್ರಶ್ನೆ ಇಲ್ಲ. ಹೆಡ್‌ಮಾಸ್ಟರ್ ಇಣುಕಿ ನೋಡಿ ತಲೆಯಾಡಿಸಿ ಹೋದರು. ಡಿಕ್ಷನರಿ ಬೀರುವಿನ ಮೇಲಿದೆ. ಯಾರೂ ಕೇಳುವುದಿಲ್ಲ.

ಬೆಳಿಗ್ಗೆ ಬರುವಾಗ ಕಾಫಿ ಸಾಲಿನೊಳಗೆ ಹೂವಮ್ಮನನ್ನು ಕಂಡೆ. ಸೊಂಟಕ್ಕೆ ಬುಟ್ಟಿ, ತಲೆಗೆ ಬಟ್ಟೆ. ನಾನು ನಿಂತೆ. ಅವಳು ಈ ಕಡೆ ನೋಡಲಿಲ್ಲ. ಕಂಡಿಲ್ಲವೆಂದು ಸಮಾಧಾನ ಮಾಡಿಕೊಳ್ಳುವಷ್ಟು ದೂರವೂ ಇರಲಿಲ್ಲ.

೧೭ ಜನವರಿ ೨೦೦೦

ಸಂಕ್ರಾಂತಿ ರಜೆ ಮುಗಿದು ಶಾಲೆ. ಹದಿನೆಂಟು ಜನ ಬಂದಿದ್ದರು, ಉಳಿದವರು ಕೊಯ್ಲಿಗೆ. ಯಾಕೆ ಅನ್ನಿಸಿತೋ, ಇನ್ನೊಂದು ಸಲ ನೋಡೋಣವೆಂದು ಬೋರ್ಡ್ ಮೇಲೆ ಬರೆದೆ — ನಿಮ್ಮ ಮನೆಯ ಸಂಕ್ರಾಂತಿ. ಎಳ್ಳು, ಬೆಲ್ಲ, ಕಬ್ಬು, ದನ, ಎಲ್ಲದರ ಇಂಗ್ಲಿಷ್ ಕೆಳಗೆ ಬರೆದೆ. ಕೈ ಒರೆಸಿಕೊಂಡು ತಿರುಗಿದರೆ ಎಲ್ಲರೂ ಕೈ ಕಟ್ಟಿ ಕೂತಿದ್ದಾರೆ.

ರಕ್ಷಾ ಎದ್ದಳು. ತುಂಬ ಮರ್ಯಾದೆಯಿಂದಲೇ ಕೇಳಿದಳು.

"ಇದನ್ನ ಯಾರ್ ಯಾರು ಓದ್ತಾರೆ ಮಿಸ್?"

ಹದಿನೆಂಟು ಜನವೂ ನನ್ನ ಬಾಯಿ ನೋಡುತ್ತಿದ್ದರು. ನಾನು ಮಾತ್ರ — ಎರಡೇ ಶಬ್ದ ಸಾಕಿತ್ತು. ಡಸ್ಟರ್ ತೆಗೆದುಕೊಂಡು ಬೋರ್ಡ್ ಒರೆಸಿದೆ. ಗೈಡ್ ತೆಗೆಯಿರಿ, ಪುಟ ನಲವತ್ತೆರಡು ಎಂದೆ.

ಎಷ್ಟು ಬೇಗ ತೆಗೆದರು. ಎಲ್ಲರ ಮುಖದಲ್ಲೂ ಒಂದು ನೆಮ್ಮದಿ. ನನಗೂ —